ಓದುಗರ ಸ್ಪಂದನ: ಸೋಡಾ ಮುಚ್ಚಳದ ಜಾಕೀಟು ಹರಿಯದಂತೆ ಹೊಲಿಯುವುದು ಹೇಗೆ?

ಪ್ರಶ್ನೆ: ಧಾರವಾಡದಲ್ಲಿ ಚಿತ್ರಕಲೆ ಓದುತ್ತಿದ್ದೇನೆ. ಹಳೇ ಇಳಕಲ್ ಸೀರೆ, ಖಣದ ತುಂಡು, ಸೋಡಾ ಬಾಟಲಿ ಮುಚ್ಚಳ, ಸೈಕಲ್ ಟ್ಯೂಬು, ಮೆಣಸಿನಕಾಯಿ ಚೀಲ ಸೇರಿಸಿ ತೊಡುವಂಥ ಜಾಕೀಟು ಮಾಡುತ್ತಿದ್ದೇನೆ. ಮುಚ್ಚಳ ಹಚ್ಚಿದಲ್ಲಿ ಸೀರೆ ಹರಿಯುತ್ತದೆ. ಫೆವಿಕಾಲ್ ಹಾಕಿ ಅಂಟಿಸಿದ ಟ್ಯೂಬು ಮರುದಿನವೇ ಏಳುತ್ತದೆ. ಏನು ಮಾಡಲಿ?

ಬೆಟಗೇರಿಯಿಂದ, ಹೊಲಿಗೆ ಕಲಿಸುವವರು

ಮುಚ್ಚಳ ಒಂದಕ್ಕೆ ಸುಮಾರು 2 ಗ್ರಾಂ. 300 ಹಚ್ಚಿದರೆ ಅರ್ಧ ಕಿಲೋ ದಾಟಿತು. ಉಟ್ಟು ಸವೆದ ಸೀರೆ ಅಷ್ಟು ಹೊರಲಾರದು. ಸೀರೆಯನ್ನು ಬೆಳಕಿಗೆ ಹಿಡಿದು, ಎಳೆ ಜಾಳಾದ ಭಾಗ ಬಿಟ್ಟು, ದಡಿಯ ಹತ್ತಿರದ ಗಟ್ಟಿ ಭಾಗ ಆರಿಸಿಕೊಳ್ಳಿ. ಕೆಳಗೆ ಎರಡು ಪದರ ಕೋರಾ ಬಟ್ಟೆ ಇಡಿ. ಅದನ್ನು ಮೊದಲೇ ತೊಳೆದು ಒಣಗಿಸಿರಬೇಕು, ಇಲ್ಲದಿದ್ದರೆ ಆಮೇಲೆ ಕುಗ್ಗಿ ಮೇಲಿನ ಸೀರೆ ಸುಕ್ಕಾಗುತ್ತದೆ. ಮೂರನ್ನೂ ಸೇರಿಸಿ ಅರ್ಧ ಇಂಚಿಗೊಂದು ಸಾಲಿನಂತೆ ದಪ್ಪ ಹತ್ತಿ ದಾರದಿಂದ ಕೌದಿ ಹೊಲಿಗೆ (ಪದರಗಳನ್ನು ಸೇರಿಸುವ ಸಾಲು ಹೊಲಿಗೆ) ಹಾಕಿ. ಹೊಲಿದಷ್ಟೂ ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಸುತ್ತ ಒಂದಿಂಚು ಹೆಚ್ಚು ಬಿಟ್ಟಿರಿ, ಜಾಕೀಟಿನ ಆಕಾರಕ್ಕೆ ಕತ್ತರಿಸುವುದು ಕೌದಿ ಮುಗಿದ ಮೇಲೆಯೇ.

ಇನ್ನು ಮುಚ್ಚಳ. ಅದಕ್ಕಿರುವ 21 ಹಲ್ಲುಗಳೇ ದಾರ ಕೊಯ್ಯುವುದು. ಒಳಗಿನ ಪ್ಲಾಸ್ಟಿಕ್ ಬಿಲ್ಲೆ ಕಿತ್ತು ಹಾಕಿ (ಅದರಡಿ ನೀರು ನಿಂತು ತುಕ್ಕು ಹಿಡಿಯುತ್ತದೆ), ಹಲ್ಲು ಒಳಗೆ ಮಡಚುವಂತೆ ಸುತ್ತಿಗೆಯಿಂದ ಬಡಿದು, ಅಂಚನ್ನು ಕಾನಸಿನಿಂದ ಉಜ್ಜಿ. ತೂತು ಹೊಡೆಯುವಾಗ ಮೊಳೆ ಒಳಬದಿಯಿಂದ ಹೊರಬದಿಗೆ ಹೋಗಲಿ. ಬಣ್ಣದ ಬದಿಯಿಂದ ಹೊಡೆದರೆ ಹಿಂದೆ ಮುಳ್ಳಿನಂತೆ ತಗಡು ಏಳುತ್ತದೆ, ಬಟ್ಟೆ ಹರಿಯಲು ಅಷ್ಟು ಸಾಕು. ಎದ್ದ ತಗಡು ಉಜ್ಜಿ, ತೂತಿನ ಸುತ್ತ ಬಣ್ಣವಿಲ್ಲದ ಉಗುರು ಪಾಲಿಶ್ ಹಚ್ಚಿ. ಹೊಲಿಯುವಾಗ ಗುಂಡಿಯ ಕೆಳಗೆ ಬಿಡುವ ಹಾಗೆ ದಾರ ತುಸು ಸಡಿಲ ಬಿಟ್ಟು ಸುತ್ತಿ ಗಂಟು ಹಾಕಿ. ಪ್ರತಿ ಮುಚ್ಚಳಕ್ಕೂ ಬೇರೆ ಗಂಟು ಇರಲಿ, ಒಂದು ಹೋದರೆ ಸಾಲೇ ಉದುರಬಾರದು. ತುಕ್ಕಿನ ಕಲೆಗೆ ಬ್ಲೀಚ್ ಹಾಕಲೇಬೇಡಿ, ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆರಸ, ಉಪ್ಪು ಹಚ್ಚಿ ತೊಳೆಯಿರಿ. ಬಣ್ಣದ ಬಟ್ಟೆಯಾದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿ.

ಹುಬ್ಬಳ್ಳಿಯಿಂದ, ರಬ್ಬರ್ ಕೆಲಸ ಬಲ್ಲವರು

ಬಿಳಿ ಫೆವಿಕಾಲ್ ಹಿಡಿಯುವುದು ಅದರ ನೀರು ಮರ, ಬಟ್ಟೆ, ಕಾಗದದೊಳಗೆ ಇಂಗಿದಾಗ. ರಬ್ಬರ್ ನೀರು ಹೀರದು, ಅದಕ್ಕೇ ಏಳುತ್ತದೆ. ಟ್ಯೂಬನ್ನು ಉದ್ದಕ್ಕೆ ಸೀಳಿ, ಒಳಗಿನ ಬಿಳಿ ಪುಡಿಯನ್ನು ಸಾಬೂನಿನಿಂದ ತೊಳೆದು ಒಣಗಿಸಿ, ಅಂಟಿಸುವ ಬದಿಯನ್ನು 120 ನಂಬರಿನ ಮರಳು ಕಾಗದದಿಂದ ಹೊಳಪು ಹೋಗುವವರೆಗೆ ತಿಕ್ಕಿ. ಟ್ಯೂಬಿಗೂ ಬಟ್ಟೆಗೂ ಫೆವಿಕಾಲ್ ಎಸ್‌ಆರ್ (ರಬ್ಬರಿಗೂ ಹಿಡಿಯುವ ಬೇರೆ ಬಗೆಯ ಅಂಟು) ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಿ. ಹಸಿಯಿದ್ದಾಗಲೇ ಒತ್ತುವ ಅವಸರದಲ್ಲೇ ಹೆಚ್ಚಿನವು ಕೆಡುವುದು. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ. ಮೊಣಕೈ, ಬಗಲು ಹೀಗೆ ಮಡಚುವ ಕಡೆ ಅಂಟು ನಂಬದೆ ಹೊಲಿಯಿರಿ: 16 ಅಥವಾ 18 ನಂಬರ್ ಸೂಜಿ, ಹೊಲಿಗೆಯ ಉದ್ದ 4ರಿಂದ 5 ಮಿ.ಮೀ. ಅದಕ್ಕಿಂತ ಒತ್ತಾದರೆ ತೂತುಗಳು ಸಾಲಾಗಿ ಸೇರಿ ರಬ್ಬರ್ ಅಲ್ಲೇ ಕಿತ್ತುಬರುತ್ತದೆ. ಮಷಿನ್ನಿನ ಕಾಲಿಗೆ ರಬ್ಬರ್ ಅಂಟಿಕೊಂಡರೆ ಮೇಲೆ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ.

ಖಣದಲ್ಲಿ ಜರಿ ಇದ್ದರೆ ಟ್ಯೂಬಿನ ಪಕ್ಕ ಇಡಬೇಡಿ. ರಬ್ಬರಿನ ಗಂಧಕ ತಾಗಿ ಬೆಳ್ಳಿ, ತಾಮ್ರದ ಎಳೆ ಕಪ್ಪಾಗುತ್ತದೆ, ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೂ ಸಾಕು.

ಬ್ಯಾಡಗಿಯಿಂದ, ಕಸೂತಿ ಮಾಡುವವರು

ಚೀಲವನ್ನು ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಡವಿ. ಖಾರವೂ ಕೆಂಪೂ ಬರೀ ನೀರಿಗೆ ಹೋಗುವಂಥವಲ್ಲ, ಸಾಬೂನು ಬೇಕು. ಉಳಿದ ಕೆಂಪು ಬಿಸಿಲಿಗೆ ಬಿಳಿಚುತ್ತದೆ. ಒದ್ದೆ ಸೆಣಬಿಗೆ ಬಲ ಕಡಿಮೆ, ಹಿಂಡದೆ ಹಾಗೇ ಹರವಿ. ಕತ್ತರಿಸುವ ಗೆರೆಯ ಎರಡೂ ಬದಿಗೆ ಮೊದಲು ಮಷಿನ್ ಹೊಲಿಗೆ ಹಾಕಿ, ನಡುವೆ ಕತ್ತರಿಸಿದರೆ ಎಳೆ ಬಿಚ್ಚದು.

ಗೋಣಿಯನ್ನು ಬರೀ ಒರಟುತನಕ್ಕೆ ಬಳಸಿ ಬಿಟ್ಟುಬಿಡಬೇಡಿ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ, ಗೋಣಿಯ ಎಳೆ ಬರಿಗಣ್ಣಿಗೇ ಎಣಿಸಲು ಸಿಗುತ್ತದೆ. ಉಣ್ಣೆ ದಾರದಿಂದ ಎರಡೆರಡು ಎಳೆ ಬಿಟ್ಟು ಗವಂತಿ (ಕಸೂತಿಯ ಒಂದು ಹೊಲಿಗೆ) ಹಾಕಿ ನೋಡಿ: ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಿದರೆ ಎರಡೂ ಬದಿ ಒಂದೇ ತರ ಕಾಣುತ್ತದೆ. ಗಂಟು ಹಾಕಬೇಡಿ, ದಾರದ ತುದಿಯನ್ನು ಹೊಲಿಗೆಯಡಿಯೇ ತೂರಿಸಿ. ಕುತ್ತಿಗೆ, ಬಗಲಿಗೆ ಮಾತ್ರ ಗೋಣಿ ಬೇಡ, ತೊಟ್ಟವರಿಗೆ ಚರ್ಮ ಕೆರೆಯುತ್ತದೆ.