ಅನುಭವ ಹಂಚಿಕೆ: ಕೋಡ್ ಗಿಯಾಸ್ ಮೊದಲ ಸೀಸನ್ ಮುಗಿಸಿದ್ದೇನೆ, ಆರ್2 ನೋಡಬೇಕೇ?

ಹೊಸ ವೀಕ್ಷಕ: ಜಪಾನಿನ ಆನಿಮೆ (ಕಾರ್ಟೂನ್) ಸರಣಿ ಕೋಡ್ ಗಿಯಾಸ್‌ನ ಮೊದಲ 25 ಕಂತುಗಳನ್ನು ಕಳೆದ ವಾರ ಮುಗಿಸಿದೆ. ಝೀರೋ ಎಂಬ ಹೆಸರಿನಲ್ಲಿ ಮುಖವಾಡ ಧರಿಸಿ ಬಂಡಾಯ ನಡೆಸುವ ಲೆಲೂಶ್ ಮತ್ತು ಶತ್ರು ಸೈನ್ಯದಲ್ಲಿರುವ ಅವನ ಬಾಲ್ಯದ ಗೆಳೆಯ ಸುಜಾಕು ಒಬ್ಬರ ಮೇಲೊಬ್ಬರು ಪಿಸ್ತೂಲು ಹಿಡಿದಲ್ಲಿಗೆ ಕಥೆ ನಿಂತಿದೆ. ಮುಂದಿನ ಭಾಗವಾದ ಆರ್2 ಅಷ್ಟು ಬಿಗಿಯಾಗಿಲ್ಲವೆಂದು ಗೆಳೆಯರು ಹೇಳುತ್ತಾರೆ. ಪರೀಕ್ಷೆ ಹತ್ತಿರವಿರುವಾಗ ಹತ್ತು ಗಂಟೆಗಳನ್ನು ಇದಕ್ಕೆ ಕೊಡಬಹುದೇ ಅಥವಾ ಸರಣಿಯನ್ನು ಚಿಕ್ಕದಾಗಿಸಿದ ಸಂಕಲನ ಸಿನಿಮಾಗಳು ಸಾಕೇ? ದಯವಿಟ್ಟು ಸ್ಪಾಯ್ಲರ್ ಬೇಡ.

ಸೈಬರ್ ಸೆಂಟರಿನ ಹಳಬ: ನಾನು ಆರ್2 ನೋಡಿದ್ದು 2008ರಲ್ಲಿ, ಜಪಾನಿನಲ್ಲಿ ಪ್ರಸಾರವಾಗುತ್ತಿದ್ದ ಕಾಲದಲ್ಲೇ. ಏಪ್ರಿಲ್ 6ರಿಂದ ಸೆಪ್ಟೆಂಬರ್ 28ರವರೆಗೆ ಅದು ಭಾನುವಾರಗಳಂದು ಬರುತ್ತಿತ್ತು, ಮರುದಿನ ಸೋಮವಾರ ಸಂಜೆ ನಾನು ಸೈಬರ್ ಸೆಂಟರಿನಲ್ಲಿ ಗಂಟೆಗೆ 15 ರೂಪಾಯಿ ಕೊಟ್ಟು ಕುಳಿತಿದ್ದೇನೆ. ಒಂದು ಕಂತು ಪೂರ್ತಿ ಬರುವಷ್ಟರಲ್ಲಿ ಎರಡು ಗಂಟೆ ಕಳೆಯುತ್ತಿತ್ತು, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಆರಂಭ. ಆ ಆರು ತಿಂಗಳಲ್ಲಿ ಎಂಟುನೂರು ರೂಪಾಯಿಗೂ ಹೆಚ್ಚು ಖರ್ಚಾಯಿತು, ನನ್ನ ಎರಡು ತಿಂಗಳ ಬಸ್ ಪಾಸಿನ ಹಣ ಅದರಲ್ಲಿ ಸೇರಿತ್ತು.

ಇಷ್ಟು ಕಷ್ಟಪಟ್ಟು ತಂದ ಮೊದಲ ಕಂತಿನಲ್ಲಿ ಲೆಲೂಶ್‌ಗೆ ತಾನು ಝೀರೋ ಎಂಬುದೇ ನೆನಪಿಲ್ಲ, ಅವನ ತಂಗಿ ನನಾಲಿ ಇರಬೇಕಾದ ಜಾಗದಲ್ಲಿ ರೋಲೋ ಎಂಬ ತಮ್ಮ ನಿಂತಿದ್ದಾನೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಡರಾತ್ರಿಯ ಕಾರ್ಯಕ್ರಮವಾಗಿದ್ದದ್ದನ್ನು ಭಾನುವಾರ ಸಂಜೆ ಐದು ಗಂಟೆಗೆ ತಂದಿದ್ದರಿಂದ ಹೊಸ ಪ್ರೇಕ್ಷಕರಿಗಾಗಿ ಕಥೆಯನ್ನು ಮತ್ತೊಮ್ಮೆ ಆರಂಭಿಸಬೇಕಾಯಿತು ಎಂಬುದು ಆಮೇಲೆ ತಿಳಿಯಿತು. ಮೊದಲ ಆರೇಳು ಕಂತುಗಳು ಈ ಹೊರೆಯಡಿ ನರಳುತ್ತವೆ. ಆದರೂ ಕೊನೆಯ ಕಂತು ಮುಗಿದ ರಾತ್ರಿ ನಾನು ಮನೆಗೆ ನಡೆದೇ ಹೋದೆ, ಬಸ್ಸಿನಲ್ಲಿ ಯಾರ ಮುಖವನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಕೊಟ್ಟ ಒಂದು ರೂಪಾಯಿಯೂ ವ್ಯರ್ಥವಾಗಿಲ್ಲ.

ಡಿಸ್ಕ್ ಸಂಗ್ರಾಹಕ: ನನ್ನ ಅನುಭವ ಬೇರೆ. ವಿದೇಶದಿಂದ ಬ್ಲೂ-ರೇ ತರಿಸಿದೆ. ಡಿಸ್ಕಿಗೆ 7,200 ರೂಪಾಯಿ, ಸಾಗಣೆಗೆ 1,900, ಸುಂಕವೆಂದು ಮತ್ತೆ 2,650 ಆಯಿತು. ತೆರೆದು ನೋಡಿದರೆ ಅದು ರೀಜನ್ ಎ (ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆ ಎಂಬ ಗುರುತು), ನನ್ನ ಪ್ಲೇಯರ್ ಭಾರತದ್ದಾದ್ದರಿಂದ ರೀಜನ್ ಸಿ. ಎಲ್ಲ ರೀಜನ್‌ಗಳನ್ನೂ ಓದುವ ಪ್ಲೇಯರ್ ಕೊಳ್ಳಲು ಇನ್ನೂ ಹನ್ನೊಂದು ಸಾವಿರ ಸುರಿಯಬೇಕಾಯಿತು. ಇಷ್ಟಾದ ಮೇಲೆ ಹದಿಮೂರನೆಯ ಕಂತಿನಲ್ಲಿ ಲೆಲೂಶ್‌ನನ್ನು ಪ್ರೀತಿಸುವ ಸಹಪಾಠಿ ಶರ್ಲಿಯನ್ನು ರೋಲೋ ಕೈಯಲ್ಲಿ ಕೊಲ್ಲಿಸಿದ ರೀತಿ ನೋಡಿ ಡಿಸ್ಕನ್ನು ಪೆಟ್ಟಿಗೆಯಲ್ಲಿಟ್ಟು ಒಂದು ತಿಂಗಳು ಮುಟ್ಟಲಿಲ್ಲ. ಆ ಸಾವು ಕಥೆಗೆ ಬೇಕಾಗಿರಲಿಲ್ಲ, ಲೆಲೂಶ್‌ನನ್ನು ಮುಂದಿನ ಕಂತಿನ ಹತ್ಯಾಕಾಂಡಕ್ಕೆ ತಳ್ಳಲು ಮಾತ್ರ ಬೇಕಾಗಿತ್ತು.

ಸೈಬರ್ ಸೆಂಟರಿನ ಹಳಬ: ಸ್ಪಾಯ್ಲರ್ ಬೇಡವೆಂದು ಕೇಳಿದವರ ಮುಂದೆ ಇದನ್ನು ಬರೆಯಲು ನಿಮಗೆ ಹೇಗೆ ಮನಸ್ಸು ಬಂತು? ಆ ಕಂತು ನೋಡಿದ ಮೇಲೆ ನಾನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆ ನೋವನ್ನು ಅನುಭವಿಸುವ ಹಕ್ಕು ಅವರಿಗೂ ಇತ್ತು.

ಡಿಸ್ಕ್ ಸಂಗ್ರಾಹಕ: ಹದಿನಾರು ವರ್ಷಕ್ಕೂ ಹಳೆಯ ಕಥೆಗೆ ಇಷ್ಟು ಕಾವಲು ಬೇಕಿಲ್ಲ. ನಾನು ತಿಳಿಸಿದ್ದು ದೋಷವನ್ನು, ಗುಟ್ಟನ್ನಲ್ಲ. ಸಂಕಲನ ಸಿನಿಮಾಗಳಲ್ಲಿ ಶರ್ಲಿ ಬದುಕಿಯೇ ಇದ್ದಾಳೆ, ಕಥೆ ಅದರಿಂದ ಕುಸಿದುಬಿದ್ದಿಲ್ಲ. ನನ್ನ ಮಾತಿಗೆ ಇದಕ್ಕಿಂತ ಪುರಾವೆ ಬೇಕೇ?

ನೆಲದ ಯುದ್ಧದ ಅಭಿಮಾನಿ: ನಾನು ಮೆಕಾಗಾಗಿ, ಅಂದರೆ ದೈತ್ಯ ಯುದ್ಧಯಂತ್ರಗಳಿಗಾಗಿ ನೋಡಿದವನು, ನನ್ನ ನಷ್ಟ ಯಾರ ಸಾವಿನದೂ ಅಲ್ಲ. ಮೊದಲ ಸೀಸನ್ನಿನಲ್ಲಿ ಆ ಯಂತ್ರಗಳಾದ ನೈಟ್‌ಮೇರ್‌ಗಳು ಚಕ್ರದ ಮೇಲೆ ಓಡುತ್ತಿದ್ದವು, ಹಗ್ಗದ ಕೊಕ್ಕೆ ಎಸೆದು ಕಟ್ಟಡ ಹತ್ತುತ್ತಿದ್ದವು. ನಾರಿಟಾದ ಯುದ್ಧದಲ್ಲಿ ಬಂಡಾಯಗಾರರ ಯಂತ್ರ ಗುರೆನ್ ಬೆಟ್ಟವನ್ನೇ ಕುಸಿಯುವಂತೆ ಮಾಡಿ ಸೈನ್ಯವನ್ನು ಹೂತಾಗ ನೆಲವೂ ಒಂದು ಆಯುಧವಾಗಿತ್ತು. ಆರ್2ರಲ್ಲಿ ಮುಖ್ಯ ಯಂತ್ರಗಳೆಲ್ಲ ಒಂದೊಂದಾಗಿ ಹಾರತೊಡಗುತ್ತವೆ. ಹಾರುವ ಯಂತ್ರಕ್ಕೆ ಕಣಿವೆಯೂ ಒಂದೇ, ಬೀದಿಯೂ ಒಂದೇ. ಯಾರ ಯಂತ್ರ ಹೊಸದೋ ಅವರೇ ಗೆಲ್ಲುತ್ತಾರೆ, ಯೋಚನೆಗೆ ಕೆಲಸವಿಲ್ಲ. ಗುರೆನ್‌ನ ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸಲು ಮೂರು ವಾರ ತೆಗೆದುಕೊಂಡವನಿಗೆ ಇದು ಸಣ್ಣ ಬೇಸರವಲ್ಲ.

ಸೈಬರ್ ಸೆಂಟರಿನ ಹಳಬ: ನೀವು ಚೀನಾದ ಕಂತುಗಳನ್ನು ಮರೆತಿದ್ದೀರಿ. ಅಲ್ಲಿ ಚೀನೀ ಸೇನಾನಿ ಕ್ಸಿಂಗ್‌ಕೆ ನೀರು ಹರಿಸಿ ನೆಲವನ್ನು ಕೆಸರು ಮಾಡಿ ಲೆಲೂಶ್‌ನ ಸೈನ್ಯವನ್ನು ಹೂಳುತ್ತಾನೆ.

ನೆಲದ ಯುದ್ಧದ ಅಭಿಮಾನಿ: ಮರೆತಿಲ್ಲ. 25 ಕಂತುಗಳಲ್ಲಿ ಎತ್ತಿ ಹೇಳಲು ನಿಮಗೆ ಅದೊಂದೇ ಸಿಕ್ಕಿತು.

ಎರಡು ಸಲ ನೋಡಿದವಳು: ಮೊದಲ ಸಲ ನೋಡುವಾಗ ಹತ್ತೊಂಬತ್ತನೆಯ ಕಂತಿನಲ್ಲಿ ನಾನೂ ನಿಲ್ಲಿಸಿದ್ದೆ. ಅಷ್ಟು ಕಾಲ ಝೀರೋ ಹಿಂದೆ ನಡೆದ ಅವನ ಬಂಡಾಯ ಪಡೆಯಾದ ಕಪ್ಪು ಯೋಧರು ಶತ್ರು ರಾಜಕುಮಾರನ ಜೊತೆ ನಡೆದ ಒಂದೇ ಸಭೆಯಲ್ಲಿ ನಾಯಕನನ್ನು ಕೈಬಿಡುವುದು ನನಗೆ ಇಂದಿಗೂ ಅರಗುವುದಿಲ್ಲ, ಕನಿಷ್ಠ ಎರಡು ಕಂತುಗಳ ಅನುಮಾನವಾದರೂ ಅದಕ್ಕೆ ಬೇಕಿತ್ತು. ಆರು ವರ್ಷಗಳ ನಂತರ, ಮಗು ಮಲಗಿದ ಮೇಲೆ ರಾತ್ರಿಗೊಂದರಂತೆ, ಮತ್ತೆ ಮೊದಲಿನಿಂದ ನೋಡಿದೆ. ಆಗ ಹಿಡಿದದ್ದು ಹದಿನೆಂಟನೆಯ ಕಂತು. ಮೊದಲ ಸೀಸನ್ನಿನಲ್ಲಿ ಲೆಲೂಶ್ ಸುಜಾಕುವಿಗೆ ‘ಬದುಕು’ ಎಂದು ಗಿಯಾಸ್ ಎಂಬ ತನ್ನ ಶಕ್ತಿಯಿಂದ, ಮೀರಲಾಗದಂತೆ ಕೊಟ್ಟ ಆಜ್ಞೆ ಅಲ್ಲಿ ಏನು ಮಾಡಿಸುತ್ತದೆ ಎಂಬುದನ್ನು ಬರೆಯುವುದಿಲ್ಲ. ಪ್ರೀತಿಯಿಂದ ಹೇಳಿದ ಒಂದು ಮಾತು ಅಷ್ಟು ದೂರ ಬಂದು ಅಷ್ಟು ಜನರ ಮೇಲೆ ಬೀಳುವುದನ್ನು ನಾನು ಬೇರೆ ಯಾವ ಮೆಕಾ ಕಥೆಯಲ್ಲೂ ಕಂಡಿಲ್ಲ. ಸಿನಿಮಾಗಳಲ್ಲಿ ಕಥೆಯನ್ನು ಹಿಂಡಿರುವುದರಿಂದ ಈ ಭಾರ ಸೋರಿಹೋಗುತ್ತದೆ. ಶರ್ಲಿ ಬದುಕಿದ್ದರೆ ಸಾಕೆನ್ನುವವರಿಗೆ ಅವು ಸರಿ, ನನಗಲ್ಲ.

ಡಿಸ್ಕ್ ಸಂಗ್ರಾಹಕ: ‘ಸಾಕೆನ್ನುವವರು’ ಎಂದರೆ ಯಾರು, ಅಕ್ಕಾ? ಇಪ್ಪತ್ತೆರಡು ಸಾವಿರ ಖರ್ಚು ಮಾಡಿ ಪೂರ್ತಿ ನೋಡಿದವನನ್ನು ಅವಸರದವನೆಂದು ಕರೆಯುವುದು ಸರಿಯಲ್ಲ.

ಎರಡು ಸಲ ನೋಡಿದವಳು: ಖರ್ಚಿನ ಲೆಕ್ಕ ಗಮನದ ಲೆಕ್ಕವಾಗುವುದಿಲ್ಲ. ಶರ್ಲಿಯ ಕೊನೆಯ ಮಾತುಗಳನ್ನು ಇನ್ನೊಮ್ಮೆ ಕೇಳಿ, ಆಮೇಲೆ ಆ ಸಾವು ಬೇಡವಾಗಿತ್ತೆಂದು ಹೇಳಿ.

ಹೊಸ ವೀಕ್ಷಕ: ನೀವೆಲ್ಲ ಬರೆಯುತ್ತಿರುವಾಗಲೇ ಆರಂಭಿಸಿದೆ, ಐದನೆಯ ಕಂತಿನಲ್ಲಿದ್ದೇನೆ. ಶರ್ಲಿ ತೆರೆಯ ಮೇಲೆ ಬಂದಾಗಲೆಲ್ಲ ಈಗ ಬೇರೆ ಏನನ್ನೂ ನೋಡಲಾಗುತ್ತಿಲ್ಲ. ಹದಿಮೂರು ದಾಟಿದ ಮೇಲೆ ಇಲ್ಲಿಗೆ ಮರಳುತ್ತೇನೆ, ಅಲ್ಲಿಯವರೆಗೆ ಮುಂದಿನ ಕಂತುಗಳ ಮಾತನ್ನು ದಯವಿಟ್ಟು ನಿಲ್ಲಿಸಿ.