ಅಪ್‌ಡೇಟ್: ಕ್ಯಾಂಪರ್ ಹೊತ್ತ ಟ್ರಕ್ಕಿನ ಕುಣಿತ ಕಡಿಮೆಯಾಯ್ತು

ನನ್ನ ಫೋರ್ಡ್ ಎಫ್-250 ಪಿಕಪ್ ಟ್ರಕ್ಕಿನ ಬೆನ್ನಿಗೆ ಕ್ಯಾಂಪರ್ (ಪ್ರವಾಸದಲ್ಲಿ ಉಳಿಯೋಕೆ ಪುಟ್ಟ ಮನೆಯಂಥ ಪೆಟ್ಟಿಗೆ) ಕೂರಿಸಿದ ಮೇಲೆ ಕ್ಯಾಲಿಫೋರ್ನಿಯಾದ ಕಾಂಕ್ರೀಟ್ ಹೈವೇಲಿ ಪ್ರತಿ ಜಾಯಿಂಟಿಗೂ ಗಾಡಿ ಕುಣಿಯುತ್ತೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಮೊದಲು ಟ್ರಕ್ ಸ್ಟಾಪಲ್ಲಿ ತೂಗಿಸಿದೆ. ಹಿಂದಿನ ಆಕ್ಸಲ್ ಮೇಲೆ 5,900 ಪೌಂಡ್. ಬಾಗಿಲ ಪಕ್ಕದ ಸ್ಟಿಕರಿನ ಮಿತಿಯೊಳಗೇ ಇತ್ತು, ಆದರೆ ಅಂಚಿನಲ್ಲಿ.

ನಿಮ್ಮಲ್ಲಿ ಹಲವರು ಹೇಳಿದಂತೆ ಹಿಂದಿನ ಸ್ಪ್ರಿಂಗಿಗೆ ನೆರವಾಗೋ ಏರ್‌ಬ್ಯಾಗ್ (ಗಾಳಿ ತುಂಬೋ ರಬ್ಬರ್ ಚೀಲ) ಹಾಕಿಸಿದೆ. ಕುಸಿದಿದ್ದ ಹಿಂಭಾಗ ನೆಟ್ಟಗಾಯ್ತು, ಕುಣಿತ ಮಾತ್ರ ಇನ್ನೂ ಜಾಸ್ತಿ! ತಪ್ಪು ನನ್ನದೇ, ಜಾಸ್ತಿ ಇದ್ದರೆ ಒಳ್ಳೇದು ಅಂತ 80 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿದ್ದೆ. 45ಕ್ಕೆ ಇಳಿಸಿದಾಗ ಸ್ವಲ್ಪ ತಣ್ಣಗಾಯ್ತು.

ನಿಜವಾದ ಕಳ್ಳ ಶಾಕ್ ಅಬ್ಸಾರ್ಬರ್. ಕೆಳಗೆ ತೂರಿ ನೋಡಿದರೆ ಎಡಗಡೆಯದರ ಮೈತುಂಬ ಎಣ್ಣೆ ಜಿನುಗಿ, ಅದಕ್ಕೆ ಧೂಳು ಮೆತ್ತಿತ್ತು. ಸ್ಪ್ರಿಂಗು, ಏರ್‌ಬ್ಯಾಗು ಭಾರ ಹೊರುತ್ತವೆ ಅಷ್ಟೆ. ಮೇಲೆ ಕೆಳಗೆ ಆಡುವುದನ್ನು ತಡೆಯೋದು ಶಾಕೇ. ನಾಲ್ಕನ್ನೂ ಬದಲಿಸಿದೆ. ಈಗ ಒಂದು ಸಲ ಎದ್ದು ಬಿದ್ದು ಸುಮ್ಮನಾಗುತ್ತೆ.

ತಿರುವಿನಲ್ಲಿ ಅಕ್ಕಪಕ್ಕ ಓಲಾಡೋದು ಇನ್ನೂ ಇದೆ. ಹಿಂದಕ್ಕೆ ದಪ್ಪನೆಯ ಸ್ವೇ ಬಾರ್ (ಈ ಓಲಾಟ ತಡೆಯೋ ಸರಳು) ಹಾಕಿಸಬೇಕು, ಸಂಬಳ ಬರಲಿ. ಹೋದ ವಾರ 200 ಮೈಲಿ ಓಡಿಸಿದೆ, ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು ಚೆಲ್ಲಲಿಲ್ಲ.