ಲೆಕ್ಕೊ ಸುತ್ತಿ ಬೆಲ್ಲಾಜಿಯೊಗೆ

ಇಟಲಿಯ ಕೊಮೊ ಸರೋವರದ ದಡದ ಊರು ವರೆನ್ನಾ. ಅದರ ದೋಣಿಕಟ್ಟೆ ಮೇಲೆ ನಾಲ್ಕು ಜನ ಕೂತಿದ್ವಿ. ನಾವು ಹೋಗಬೇಕಾದ ಊರು ಬೆಲ್ಲಾಜಿಯೊ ಎದುರಿಗೇ ಇದೆ, ಕೂಗಿದರೆ ಓಗೊಟ್ಟಾರು ಅನ್ನುವ ಹಾಗೆ. ದೋಣಿ ಮಾತ್ರ ಆಗಷ್ಟೇ ಹೊರಟುಹೋಗಿತ್ತು. ಸೀನನ ಎರಡನೇ ಜೆಲಾಟೊ, ಅಂದರೆ ಇಲ್ಲಿಯ ಐಸ್‌ಕ್ರೀಮು, ಅದಕ್ಕೆ ಕಾರಣ.

"ಮಿಲಾನ್‌ನಲ್ಲೇ ಕಾರು ತಗೊಳ್ಳೋಣ ಅಂತ ಬಡ್ಕೊಂಡೆ," ಅಂದ ಅವನೇ.

"ತಗೊಂಡು? ಕೆರೆ ಮೇಲೆ ಓಡಿಸ್ತಿದ್ಯಾ?" ಪದ್ದಿ ಟಿಶ್ಯೂ ಬಿಡಿಸಿ ಪೆನ್ನು ತೆಗೆದಳು. "ನೋಡು, ಕೊಮೊ ಸರೋವರ ಅಂದ್ರೆ ತಲೆಕೆಳಗಾದ ಇಂಗ್ಲಿಷ್ ವೈ."

"ಕನ್ನಡದಲ್ಲಿ ಹೇಳೇ."

"ಕಾಲು ಅಗಲಿಸಿ ನಿಂತ ಗಂಡಸು ಅನ್ಕೋ. ಈ ಪಾದದಲ್ಲಿ ಕೊಮೊ ಪಟ್ಟಣ, ಆ ಪಾದದಲ್ಲಿ ಲೆಕ್ಕೊ. ಇನ್ನು ಬೆಲ್ಲಾಜಿಯೊ..."

"ಕಚ್ಚೆ ಸಿಗಿಸೋ ಜಾಗ," ಅಂದ ರಾಜ.

"ಹೂಂ, ಅಲ್ಲೇ. ಕಾರಲ್ಲಾದ್ರೆ ಲೆಕ್ಕೊ ಬಳಸ್ಕೊಂಡು ಒಂದು ಗಂಟೆ. ದೋಣಿಗೆ ಕಾಲು ಗಂಟೆ."

"ಕೊಂಕಣ ಸುತ್ತಿ ಮೈಲಾರಕ್ಕೆ!"

"ಕೊಂಕಣ ಅಂದ್ಯಲ್ಲ," ಅಂದೆ ನಾನು. "ನಮ್ಮ ದೀಪಿಕಾ ಪಡುಕೋಣೆ 2018ರಲ್ಲಿ ಕೊಂಕಣಿ ಪದ್ಧತಿಯಲ್ಲಿ ಮದುವೆ ಆಗಿದ್ದು ಇಲ್ಲೇ. ಆಚೆ ದಡದ ಲೆನ್ನೊದಲ್ಲಿ, ವಿಲ್ಲಾ ಡೆಲ್ ಬಾಲ್ಬಿಯಾನೆಲ್ಲೊ."

"ಅಲ್ಲಿಗೂ ನಡೀಬೇಕು, ಇಲ್ಲಾ ದೋಣಿ ಹತ್ತಬೇಕು," ಪದ್ದಿ ಬಿಡಲಿಲ್ಲ.

"ಕಾರು ಹೊರೋ ದೋಣಿನೂ ಇದ್ಯಲ್ಲ?" ಅಂದ ಸೀನ.

"ಇದೆ. ಕಾರಿಗೂ ಟಿಕೆಟ್ ತಗೋಬೇಕು. ಆಚೆ ಇಳಿದ್ರೆ ಓಣಿಯೆಲ್ಲಾ ಮೆಟ್ಟಿಲು. ಕಾರನ್ನ ಕಂಕುಳಲ್ಲಿ ಇಟ್ಕೊಂಡು ಹತ್ತು."

ರೈಲೇ ವಾಸಿ ಅಂತ ನನಗೂ ಅನ್ನಿಸಿತ್ತು. ಮಿಲಾನ್‌ನ ದೊಡ್ಡ ಸ್ಟೇಷನ್ನು ಮಿಲಾನೊ ಚೆಂತ್ರಾಲೆಯಿಂದ ವರೆನ್ನಾಗೆ ಸುಮಾರು ಒಂದು ಗಂಟೆ. ಎಡಗಡೆ ಕೂತರೆ ಲೆಕ್ಕೊ ದಾಟಿದ ಮೇಲೆ ನೀರೇ ನೀರು. ಆದರೆ ಇದನ್ನು ರಾಜನ ಮುಂದೆ ಹೇಳುವ ಹಾಗಿರಲಿಲ್ಲ. ಕಾಗದದ ಟಿಕೆಟ್ಟಿಗೆ ಹತ್ತುವ ಮುಂಚೆ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು ಅನ್ನೋದನ್ನ ಅವನು ದಂಡ ಕಟ್ಟಿ ಕಲಿತಿದ್ದ.

"ಹಸಿವು," ಅಂದ ಸೀನ.

"ಪೊಲೆಂತಾ ತಿನ್ನು. ಜೊತೆಗೆ ಮಿಸ್ಸೊಲ್ತೀನಿ."

"ಅಂದ್ರೆ?"

"ಮೆಕ್ಕೆಜೋಳದ ಮುದ್ದೆ. ಈ ಕೆರೆ ಮೀನಿಗೆ ಉಪ್ಪು ಹಚ್ಚಿ ಬಿಸಿಲಲ್ಲಿ ಒಣಗಿಸಿದ್ದು ನಂಚ್ಕೊಳ್ಳೋಕೆ."

"ಮಂಡ್ಯ ಬಿಟ್ಟು ಇಟಲಿಗೆ ಬಂದಿದ್ದು ಮುದ್ದೆ, ಒಣಮೀನಿಗಾ? ಅದೂ ಫೋರ್ಕಲ್ಲಿ ಚುಚ್ಕೊಂಡು?"

ಅಷ್ಟರಲ್ಲಿ ತೆಂಕಣ ಗಾಳಿ ಬೀಸಿತು. ಮಧ್ಯಾಹ್ನದ ಈ ಗಾಳಿಗೆ ಇಲ್ಲಿಯವರು ಬ್ರೇವಾ ಅಂತಾರೆ. ಬೆಳಗಿನ ಬಡಗಣ ಗಾಳಿ ತೀವಾನೊ. ಗಾಳಿಗೂ ಪಾಳಿ ಇರುವ ಊರು! ಪದ್ದಿಯ ಟಿಶ್ಯೂ ಗಂಡಸು ಕಾಲು ಅಗಲಿಸಿಕೊಂಡೇ ನೀರಿಗೆ ಹಾರಿದ.

"ಬಂತು ದೋಣಿ! ಬೋರ್ಡು ನಾನೇ ಓದಿದೆ, ಬೇಗ ಹತ್ರೋ," ಸೀನ ಎಬ್ಬಿಸಿದ.

ಹತ್ತಿ ಹಾಯಾಗಿ ಕೂತ್ವಿ. ಐದು ನಿಮಿಷಕ್ಕೆ ಬೆಲ್ಲಾಜಿಯೊ ಎಡಗಡೆಗೆ ಸರಿಯತೊಡಗಿತು.

"ಏನಂತ ಓದಿದ್ಯೋ?" ಪದ್ದಿಯ ದನಿ ತಣ್ಣಗಿತ್ತು.

"ಕೊನೇಲಿ ಜಿಯೊ ಅಂತಿತ್ತು."

"ಅದು ಮೆನಾಜಿಯೊ ಕಣೋ!"

ಸೀನ ಸ್ವಲ್ಪ ಹೊತ್ತು ನೀರು ನೋಡಿದ. ಆಮೇಲೆ ಕೇಳಿದ, "ಅಲ್ಲಿ ಕಾರು ಬಾಡಿಗೆಗೆ ಸಿಗುತ್ತಾ?"